ನೂರ ಹದಿಮೂರನೆಯದು

ನಮ್ಮ ಚರ್ಚಿನಲ್ಲಿ ತಲೆ ಎಣಿಸುವ ಕೆಲಸ ನನ್ನದಾಗಿತ್ತು. ಆಗ ನನಗೆ ಹನ್ನೊಂದು ವರ್ಷ.

ಭಾನುವಾರದ ಪೂಜೆಯಲ್ಲಿ ಜನರ ನಾಲಿಗೆಯ ಮೇಲೆ ಇಡುವ ಬಿಳಿ ಬಿಲ್ಲೆಯನ್ನು ನಾವು ಓಸ್ತಿ ಅನ್ನುತ್ತಿದ್ದೆವು. ಗೋಧಿಹಿಟ್ಟು ಮತ್ತು ನೀರು, ಅಷ್ಟೇ. ಉಪ್ಪು ಕೂಡ ಇಲ್ಲ. ಕಾಗದದಷ್ಟು ತೆಳು, ಕೋಟಿನ ಗುಂಡಿಯಷ್ಟು ಅಗಲ. ಗುರುಗಳು ಪೀಠದ ಮೇಲೆ ಬಾಗಿ ಅದರ ಮೇಲೆ ಯೇಸು ಕೊನೆಯ ಊಟದಲ್ಲಿ ಆಡಿದ ಕೆಲವು ಮಾತುಗಳನ್ನು ಹೇಳಿದ ಮೇಲೆ ಅದು ಹಿಟ್ಟಲ್ಲ, ಯೇಸುವಿನ ಶರೀರ. ನಾನು ಇದನ್ನು ನಂಬಿದ್ದೆ ಎಂದರೆ ಸಾಲದು. ಬೆಂಕಿ ಸುಡುತ್ತದೆ ಎಂಬುದು ಗೊತ್ತಿರುವ ಹಾಗೆ ಗೊತ್ತಿತ್ತು. ಗುರುಗಳು ಓಸ್ತಿಯನ್ನು ಎತ್ತಿ ಹಿಡಿದಾಗ ಮಂಡಿಯೂರಿ ಕೈಗಂಟೆ ಆಡಿಸುವವನು ನಾನೇ. ವಾರ ವಾರವೂ ಅದೇ ಕ್ಷಣ, ವಾರ ವಾರವೂ ಕತ್ತಿನ ಹಿಂದಿನ ಕೂದಲು ನಿಮಿರುತ್ತಿತ್ತು.

ಎಷ್ಟು ಓಸ್ತಿ ಬೇಕು ಎಂದು ಪ್ರತಿ ಭಾನುವಾರ ಎಣಿಸಿ ತೆಗೆಯಬೇಕಿತ್ತು. ಬೈಬಲ್ಲಿನ ಮೊದಲ ವಾಚನ ಶುರುವಾದಾಗ ನಾನು ಪೂಜಾವಸ್ತ್ರಗಳ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದು, ಸಣ್ಣ ಮಕ್ಕಳನ್ನು ಬಿಟ್ಟು ತಲೆ ಎಣಿಸುತ್ತಿದ್ದೆ. ಅಷ್ಟು ಓಸ್ತಿಗಳನ್ನು ಡಬ್ಬದಿಂದ ತೆಗೆದು ಮುಚ್ಚಳವಿರುವ ಹಿತ್ತಾಳೆಯ ಪಾತ್ರೆಗೆ ಹಾಕಿ, ಪೀಠದ ಪಕ್ಕದ ಮೇಜಿನ ಮೇಲೆ ಇಡುತ್ತಿದ್ದೆ. ಕಾಣಿಕೆಯ ಹೊತ್ತಿಗೆ ಪಾತ್ರೆಯನ್ನು ಪೀಠಕ್ಕೆ ಒಯ್ದು ಅಲ್ಲಿ ಹಾಸಿದ ಬಿಳಿ ವಸ್ತ್ರದ ಮೇಲೆ ಇಡುವುದು. ಇದನ್ನೆಲ್ಲ ನನಗೆ ಕಲಿಸಿದವನು ಗಂಟೆ ತಾತ. ಗೋಪುರದ ಗಂಟೆ ಹೊಡೆಯುವುದು, ನಿಲುವಂಗಿಗಳಿಗೆ ಇಸ್ತ್ರಿ ಹಾಕುವುದು, ಇಲಿಗಳನ್ನು ಬೈಯುವುದು ಅವನ ಕೆಲಸ. ನಲವತ್ತು ವರ್ಷ ಗಂಟೆಯ ಕೆಳಗೆ ನಿಂತು ಕಿವಿ ಮಂದವಾಗಿತ್ತು. ಅವನು ಪಿಸುಗುಟ್ಟಿದರೆ ಬೀದಿಗೆ ಕೇಳುತ್ತಿತ್ತು.

"ಕಮ್ಮಿ ಬಿದ್ರೆ ಗುರುಗಳಿಗೆ ಮುಜುಗರ, ಮಿಕ್ಕಿದ್ರೆ ನಂಗೆ ಮುಜುಗರ," ಅನ್ನುತ್ತಿದ್ದ. "ಇನ್ನೊಂದು ತಿಳ್ಕೋ. ಗುರುಗಳು ಮಾತು ಹೇಳೋವಾಗ ಬಿಳಿ ವಸ್ತ್ರದ ಮೇಲೆ ಏನಿದೆಯೋ ಅದು ದೇವರು. ಅದರ ಮೇಲೆ ಇಲ್ಲದ್ದು ಅಂಗಡಿ ಬಿಸ್ಕತ್ತು. ಗೊತ್ತಾಯ್ತಾ?"

ಗೊತ್ತಾಗಿತ್ತು.

ಅಪ್ಪ ಗಾಜಿನ ಕೆಲಸದವನು. ಕಿಟಕಿ, ಕಪಾಟು, ಫೋಟೊ, ಕನ್ನಡಿ ಎಲ್ಲಕ್ಕೂ ಗಾಜು ಕತ್ತರಿಸಿ ಕೂರಿಸುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಗಾಜಿನ ಹಾಳೆ. ಅಪ್ಪ ಮರದ ಪಟ್ಟಿ ಒತ್ತಿ ಹಿಡಿದು, ಕಟರ್‌ನ ಪುಟ್ಟ ಉಕ್ಕಿನ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಆ ಅಂಚಿನಿಂದ ಈ ಅಂಚಿಗೆ ಒಂದೇ ಉಸಿರಿಗೆ ಗೆರೆ ಎಳೆಯುತ್ತಿದ್ದ. ಹೊಸ ಬಟ್ಟೆ ಹರಿದಂತೆ ಸರ್ರನೆ ಶಬ್ದ. ಆಮೇಲೆ ಗೆರೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಕೆಳಕ್ಕೆ ಅದುಮಿದರೆ ಟಕ್. ಅಷ್ಟು ದೊಡ್ಡ ಹಾಳೆ, ಕಣ್ಣಿಗೆ ಕಂಡೂ ಕಾಣದ ಆ ಗೆರೆಯ ಮೇಲೇ ಎರಡಾಗುತ್ತಿತ್ತು. ನಾನು ಅದನ್ನು ಸಾವಿರ ಸಲ ನೋಡಿರಬೇಕು. ಒಂದು ಸಲವೂ ಸಾಮಾನ್ಯ ಅನ್ನಿಸಲಿಲ್ಲ.

"ಗೆರೆ ನಿಂಗೆ ಕಾಣಲ್ಲ, ಗಾಜಿಗೆ ಗೊತ್ತಿರತ್ತೆ," ಅನ್ನುತ್ತಿದ್ದ ಅಪ್ಪ. "ನಡುವೆ ನಿಲ್ಲಿಸಬಾರದು. ಎರಡನೇ ಸಲ ಎಳೀಬಾರದು. ಎಳೆದ್ಯೋ, ಗಾಜಿಗೆ ಸಿಟ್ಟು ಬರತ್ತೆ."

ಕುಡಿಯದ ದಿನಗಳ ಮಾತು ಇದು. ಕುಡಿದ ಮರುದಿನ ಅವನ ಕೈ ನಡುಗುತ್ತಿತ್ತು. ಗೆರೆ ಹಾವಾಗುತ್ತಿತ್ತು, ಗಾಜು ತನಗೆ ತೋಚಿದ ಕಡೆ ಸೀಳುತ್ತಿತ್ತು. ಹಾಳಾದ ಗಾಜಿನ ಸಿಟ್ಟಿಗೆ ಮತ್ತೆ ಕುಡಿತ. ನನ್ನ ಒಂಬತ್ತನೆಯ ವರ್ಷದಿಂದ ಮುಂದೆ ಕುಡಿಯದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಗಾಜಿನವನ ಮನೆಯಲ್ಲಿ ಒಂದೂ ಗಾಜಿನ ಲೋಟ ಇರಲಿಲ್ಲ. ಅಮ್ಮ ಎಲ್ಲವನ್ನೂ ತೆಗೆದು ಸ್ಟೀಲಿನವು ಇಟ್ಟಿದ್ದಳು. ಅಡುಗೆಮನೆಯ ಕಿಟಕಿಗೆ ಗಾಜಿನ ಬದಲು ರಟ್ಟು. ಆ ಗಾಜನ್ನು ಅಪ್ಪನೇ ಸ್ಟೂಲಿನಿಂದ ಒಡೆದದ್ದು. ಅದರ ಚೂರು ತಾಗಿದ ಗಾಯಕ್ಕೆ ನನ್ನ ಎಡ ಮುಂಗೈ ಮೇಲೆ ನಾಲ್ಕು ಹೊಲಿಗೆ. ಅಮ್ಮ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು; ಅಲ್ಲಿಗೇ ಕರೆದೊಯ್ದು, ಬಿದ್ದ ಅಂತ ಬರೆಸಿದಳು.

ಅಪ್ಪ ಚರ್ಚಿಗೆ ಬರುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಅವನೂ ನನ್ನ ವಯಸ್ಸಿನಲ್ಲಿ ಅದೇ ಪೀಠದ ಬಳಿ ಅದೇ ಕೈಗಂಟೆ ಆಡಿಸಿದವನು ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಅಪ್ಪನ ತಾಯಿ, ಬಾಯಿ ಕತ್ತರಿ.

"ಇವನ ಹೆಸರಲ್ಲಿ ನಾನು ಸವೆಸಿದ ಜಪಮಾಲೆ ಕಟ್ಟಿದ್ರೆ ಬಾವಿಗೆ ಹಗ್ಗ ಆಗ್ತಿತ್ತು," ಅನ್ನುತ್ತಿದ್ದಳು. "ದೇವರಿಗೂ ಗಂಟೆ ತಾತನ ಕಿವಿನೇ ಇರಬೇಕು."

ಆ ಭಾನುವಾರ ನನ್ನ ಜೊತೆಗಿರಬೇಕಿದ್ದ ಇನ್ನೊಬ್ಬ ಹುಡುಗನಿಗೆ ಜ್ವರ, ನಾನೊಬ್ಬನೇ. ಗುರುಗಳಿಗೆ ಎಪ್ಪತ್ತು ದಾಟಿತ್ತು, ಎರಡೂ ಕಣ್ಣಿಗೆ ಪೊರೆ ಬಂದು ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಪೂಜೆಯನ್ನು ಬಾಯಿಪಾಠದಿಂದ, ಪಾತ್ರೆಗಳನ್ನು ಕೈಯ ಅಳತೆಯಿಂದ ಸಾಗಿಸುತ್ತಿದ್ದರು. ನಾನು ನನ್ನನ್ನೂ ಸೇರಿಸಿ ಎಣಿಸಿದ್ದು ನೂರ ಹನ್ನೆರಡು. ನೂರ ಹನ್ನೆರಡು ಓಸ್ತಿ ಹಾಕಿ ಪಾತ್ರೆಯನ್ನು ಪಕ್ಕದ ಮೇಜಿನ ಮೇಲೆ ಇಟ್ಟೆ.

ಗುರುಗಳ ಪ್ರಸಂಗದ ನಡುವೆ ಕಣ್ಣು ಹಾಯಿಸಿದಾಗ ಕೊನೆಯ ಕಂಬದ ಹಿಂದೆ ಒಂದು ಭುಜ ಕಂಡಿತು. ಭುಜ ಮಾತ್ರ. ಇಸ್ತ್ರಿ ಮಾಡಿದ ನೀಲಿ ಅಂಗಿ. ಅಪ್ಪನ ಆ ಅಂಗಿ ಮೂರು ವರ್ಷದಿಂದ ಅಮ್ಮನ ಟ್ರಂಕಿನಲ್ಲಿತ್ತು.

ಅಮ್ಮ ಮತ್ತು ಅಜ್ಜಿ ಮುಂದಿನ ಸಾಲಿನಲ್ಲಿದ್ದರು, ಅವರಿಗೆ ಗೊತ್ತೇ ಇರಲಿಲ್ಲ. ಗುರುಗಳ ಮುಂದೆ ಪಾಪ ಹೇಳಿಕೊಂಡು ಪಾಪನಿವೇದನೆ ಮಾಡದೆ ಓಸ್ತಿಯ ಪ್ರಸಾದ ತೆಗೆದುಕೊಳ್ಳುವಂತಿಲ್ಲ. ಅಪ್ಪ ಹಿಂದಿನ ದಿನ ಒಬ್ಬನೇ ಹೋಗಿ ಪಾಪನಿವೇದನೆ ಮಾಡಿ ಬಂದಿದ್ದ ಎಂಬುದು ನನಗೆ ಆಮೇಲೆ ತಿಳಿದ ಸಂಗತಿ. ಆಗ ನನಗಿದ್ದ ಲೆಕ್ಕ ಒಂದೇ: ಅವನು ನನ್ನ ಎಣಿಕೆಯಲ್ಲಿ ಇಲ್ಲ. ಜನ ಕಾಣಿಕೆ ಹಾಕುತ್ತಿರುವಾಗ ಪಾತ್ರೆಯನ್ನು ಎತ್ತಿಕೊಂಡು ಕೋಣೆಯೊಳಗೆ ಓಡಿದೆ, ಡಬ್ಬ ತೆರೆದೆ, ಇನ್ನೊಂದು ಓಸ್ತಿ ಹಾಕಿದೆ. ನೂರ ಹದಿಮೂರು. ಹೊರಬಂದಾಗ ಗುರುಗಳು ನೀರು ಮತ್ತು ದ್ರಾಕ್ಷಾರಸದ ಸೀಸೆಗಳಿಗಾಗಿ ಆಗಲೇ ಕೈ ಚಾಚಿ ನಿಂತಿದ್ದರು. ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ, ಸೀಸೆಗಳನ್ನು ಎತ್ತಿಕೊಂಡು ಪೀಠಕ್ಕೆ ಓಡಿದೆ.

ಪಾತ್ರೆ ಮೇಜಿನ ಮೇಲೇ ಉಳಿಯಿತು.

ನನಗೆ ಅದು ತಿಳಿದದ್ದು ಮಂಡಿಯೂರಿ ಗಂಟೆ ಆಡಿಸುತ್ತಿರುವಾಗ. ಇಡೀ ಚರ್ಚು ತಲೆ ಬಾಗಿಸಿತ್ತು. ಗುರುಗಳು ತಮ್ಮ ದೊಡ್ಡ ಓಸ್ತಿಯನ್ನು ಎತ್ತಿ ಹಿಡಿದಿದ್ದರು. ನಾನು ಎಂದಿನಂತೆ ಮೇಲೆ ನೋಡಿದೆ, ಎಂದಿನಂತೆ ಕೂದಲು ನಿಮಿರಿತು, ಆಮೇಲೆ ಕಣ್ಣು ಕೆಳಗಿಳಿಯಿತು. ಬಿಳಿ ವಸ್ತ್ರದ ಮೇಲೆ ಒಂದು ತಟ್ಟೆ, ಒಂದು ಪಾನಪಾತ್ರೆ. ಅಷ್ಟೇ. ಎಡಗಡೆ, ನಾಲ್ಕು ಹೆಜ್ಜೆ ಆಚೆ, ಮೇಜಿನ ಮೇಲೆ ಮುಚ್ಚಳ ಹಾಕಿದ ಹಿತ್ತಾಳೆ ಪಾತ್ರೆ ಮಿನುಗುತ್ತಿತ್ತು.

ಗುರುಗಳ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ರೋಗಿಗಳಿಗೆಂದು ಹಿಂದಿನ ಪೂಜೆಗಳ ಓಸ್ತಿಗಳನ್ನು ಪೀಠದ ಹಿಂದಿನ ಸಣ್ಣ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿರುತ್ತಾರೆ; ಅದನ್ನು ತೆರೆದು ಕೊಡುತ್ತಿದ್ದರು. ಇದು ನನಗೆ ಗೊತ್ತಿತ್ತು. ಆದರೂ ಎದ್ದು ನಿಲ್ಲಲಿಲ್ಲ. ಅಪ್ಪ ನೋಡುತ್ತಿದ್ದಾನೆ, ಮೂರು ವರ್ಷದ ಮೇಲೆ ಬಂದಿದ್ದಾನೆ, ಇವತ್ತೇ ನಾನು ಎಲ್ಲರೆದುರು ದಡ್ಡನಾಗಬೇಕೇ? ಇದೇ ನನ್ನ ತಲೆಯಲ್ಲಿ ಓಡಿದ್ದು. ಸಮಾಧಾನದ ವಂದನೆಗೆ ಜನ ಎದ್ದು ಅಕ್ಕಪಕ್ಕದವರಿಗೆ ಕೈಮುಗಿಯುವ ಗದ್ದಲದಲ್ಲಿ ಪಾತ್ರೆಯನ್ನು ತಂದು, ಗುರುಗಳ ಬಲಗೈಗೆ ಸಿಗುವಂತೆ ವಸ್ತ್ರದ ಮೇಲೆ ಇಟ್ಟೆ. ಅವರು ಅದರ ಮುಚ್ಚಳ ತೆಗೆದರು.

ನಮ್ಮಲ್ಲಿ ಪೀಠದ ಬಾಲಕನಿಗೆ ಮೊದಲು. ನನ್ನ ನಾಲಿಗೆಯ ಮೇಲೆ ಓಸ್ತಿ ಕೂತಿತು. ರುಚಿಯಲ್ಲಿ ಒಂದು ಸಾಸಿವೆಯಷ್ಟೂ ವ್ಯತ್ಯಾಸ ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಚೂರು ಕೆಳಗೆ ಬೀಳದಂತೆ ಪ್ರತಿಯೊಬ್ಬರ ಗಲ್ಲದ ಕೆಳಗೆ ತಟ್ಟೆ ಹಿಡಿಯುವುದು ನನ್ನ ಮುಂದಿನ ಕೆಲಸ. ಅಮ್ಮ ಕಣ್ಣು ಮುಚ್ಚಿ ಬಂದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದಳು. ಅಂಗಡಿ ಬಿಸ್ಕತ್ತು, ಅಂಗಡಿ ಬಿಸ್ಕತ್ತು ಎಂದು ತಲೆಯೊಳಗೆ ಗಂಟೆ ತಾತನ ದನಿ. ಸಾಲು ಕರಗುತ್ತಾ ಬಂತು. ಕಟ್ಟಕಡೆಗೆ ನೀಲಿ ಅಂಗಿ.

ಅಪ್ಪ ಕ್ಷೌರ ಮಾಡಿಕೊಂಡಿದ್ದ; ಗಲ್ಲದಲ್ಲಿ ಎರಡು ಕಡೆ ಬ್ಲೇಡು ತಾಗಿ ಕೆಂಪು ಗೆರೆ. ಅವನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಬೆಳಕಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಅವನು ನನ್ನನ್ನು ನೋಡುತ್ತಿರಲಿಲ್ಲ, ಗುರುಗಳ ಬೆರಳನ್ನು ನೋಡುತ್ತಿದ್ದ. ಬೆರಳು ಪಾತ್ರೆಯ ತಳದಲ್ಲಿ ತಡಕಾಡುತ್ತಿತ್ತು. ಒಂದು ಸುತ್ತು. ಇನ್ನೊಂದು ಸುತ್ತು. ಆಮೇಲೆ ಮೇಲೆ ಬಂತು, ತುದಿಯಲ್ಲಿ ಒಂದು ಓಸ್ತಿ.

ಅದೇ ಕೊನೆಯದು. ಅವತ್ತು ಎಷ್ಟು ಜನ ಜಾಗ ಬಿಟ್ಟು ಏಳಲಿಲ್ಲ, ಎಣಿಸಿದ ಮೇಲೆ ಎಷ್ಟು ಜನ ಬಂದರು, ನನಗೆ ಗೊತ್ತಿಲ್ಲ. ಪಾತ್ರೆಯಲ್ಲಿ ಅಪ್ಪನ ಪಾಲಿಗೆ ಒಂದು ಇತ್ತು, ಅದರ ಕೆಳಗೆ ಬರೀ ಹಿತ್ತಾಳೆ ಇತ್ತು. ಇಷ್ಟನ್ನು ಕಣ್ಣಾರೆ ಕಂಡೆ.

"ಆಮೆನ್," ಅಂದ ಅಪ್ಪ. ಬಾಗಿಲು ಕಿರುಗುಟ್ಟಿದಂತೆ ಕೇಳಿಸಿತು. ನನ್ನ ತಟ್ಟೆ ಅವನ ಗಲ್ಲಕ್ಕೆ ಎರಡು ಸಲ ತಾಗಿತು.

ಅವತ್ತು ಅಪ್ಪ ಕುಡಿಯಲಿಲ್ಲ.

ಮರುದಿನವೂ ಇಲ್ಲ. ಮೂರನೆಯ ದಿನ ಕಂಬಳಿ ಹೊದ್ದು ಬೆವರುತ್ತಾ ಹಲ್ಲು ಕಡಿಯುತ್ತಾ ಮಲಗಿದ. ಅಮ್ಮ ಆಸ್ಪತ್ರೆಯ ವೈದ್ಯರನ್ನು ಕೇಳಿ ಮಾತ್ರೆ ತಂದಳು. ಹತ್ತು ದಿನವಾಯಿತು. ಅಜ್ಜಿ ನಂಬಲಿಲ್ಲ.

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದೀವಿ," ಅಂದಳು. "ಬಿಚ್ಚಿದ ದಿನ ನೋಡೋಣ."

"ಅತ್ತೆ, ಒಳ್ಳೇದು ಮಾತಾಡಿ," ಅಂದಳು ಅಮ್ಮ. ಆದರೆ ಅವಳೂ ಸ್ಟೀಲಿನ ಲೋಟಗಳನ್ನು ಒಳಗಿಡಲಿಲ್ಲ.

ಎರಡನೆಯ ವಾರ ನಾನು ಗಾಜು ಕೂರಿಸುವ ಲಪ್ಪ ಕಲಸಿ ಕೊಡುತ್ತಿದ್ದಾಗ ಅಪ್ಪ ತಾನಾಗಿಯೇ ಹೇಳಿದ: "ಅವತ್ತು ಅಲ್ಲಿ ಏನೋ ಆಯ್ತು ಕಣೋ. ಹೇಳೋಕೆ ಬರಲ್ಲ. ಸಂಜೆ ಆ ಸಾರಾಯಿ ಅಂಗಡಿ ಮುಂದೆ ಹೋಗಿ ನಿಲ್ತೀನಿ, ಒಳಗೆ ಹೆಜ್ಜೆ ಇಡೋಕೆ ಹೋಗ್ತೀನಿ, ಆ ಓಸ್ತಿ ನಾಲಿಗೆ ಮೇಲೆ ಬಂದದ್ದು ನೆನಪಾಗತ್ತೆ. ವಾಪಸ್ ಬರ್ತೀನಿ. ಅಷ್ಟೇ ನನ್ನ ಹತ್ರ ಇರೋದು."

ಕೈಯಲ್ಲಿದ್ದ ಲಪ್ಪದ ಮುದ್ದೆ ಜಾರಿ ಬಿತ್ತು. ಅಷ್ಟೇ ಅವನ ಹತ್ತಿರ ಇರುವುದು. ಅದು ಹಿಟ್ಟು ಎಂದು ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ.

ಅಲ್ಲಿಂದ ನಾನು ಪ್ರಸಾದ ತೆಗೆದುಕೊಳ್ಳುವುದನ್ನು ಬಿಟ್ಟೆ. ಇಷ್ಟು ದೊಡ್ಡ ಪಾಪ ಇಟ್ಟುಕೊಂಡು ನಾಲಿಗೆ ಚಾಚಲು ಧೈರ್ಯವಿರಲಿಲ್ಲ. ಹೇಳಿಕೊಂಡರೆ? ಗುರುಗಳು ಅಪ್ಪನಿಗೆ ಹೇಳು ಅಂದುಬಿಟ್ಟರೆ? ಹೇಳಿದ ಸಂಜೆ ಅವನು ಆ ಅಂಗಡಿಯ ಮುಂದೆ ನಿಂತಾಗ ನೆನಪಿಸಿಕೊಳ್ಳಲು ಏನಿರುತ್ತದೆ? ಮೊದಲ ವಾರ ಬಾಯಿ ಹುಣ್ಣು ಅಂದೆ. ಪೂಜೆಗೆ ಮುಂಚೆ ತಿಂದವರು ಪ್ರಸಾದ ತೆಗೆದುಕೊಳ್ಳುವಂತಿಲ್ಲ; ಆಮೇಲೆ ಏನೋ ತಿಂದುಬಿಟ್ಟೆ ಅಂದೆ.

"ಏನು ತಿಂದ್ಯೋ?" ಅಜ್ಜಿ ಬಿಡುವವಳಲ್ಲ. "ಬೆಳಿಗ್ಗೆ ಒಲೆನೇ ಹಚ್ಚಿರಲಿಲ್ಲ."

"ಸಕ್ಕರೆ."

"ಓಹೋ. ಡಬ್ಬಕ್ಕೆ ಇರುವೆ ಬಂದಿದೆ ಅಂತ ನಾನು ಅರಿಶಿನ ಹಾಕಿದ್ದು ದಂಡ. ಇರುವೆಗೆ ಎರಡು ಕಾಲಿದೆ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವನು ನಗುವಾಗ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ತಟ್ಟೆ ಬಿಟ್ಟು ಎದ್ದೆ.

ಪೂಜೆಯಲ್ಲಿ ಗಂಟೆ ಆಡಿಸುವಾಗ ಕತ್ತಿನ ಕೂದಲು ಏಳುವುದೂ ನಿಂತಿತು. ಹಿಟ್ಟು ಕುಡುಕನನ್ನು ನಿಲ್ಲಿಸುವುದಾದರೆ ಪೀಠದ ಮೇಲಿನ ಮಾತುಗಳು ಯಾಕೆ? ಆ ಪ್ರಶ್ನೆ ನನಗೆ ದೇವದೂಷಣೆಯಂತೆ ಕೇಳಿಸಿತು. ಅದು ತಾನಾಗಿಯೇ ಬರುತ್ತಿತ್ತು, ಪ್ರತಿ ಭಾನುವಾರ, ಓಸ್ತಿ ಮೇಲಕ್ಕೆ ಏರಿದ ಹೊತ್ತಿಗೆ ಸರಿಯಾಗಿ.

ಏಳನೆಯ ವಾರದ ಶನಿವಾರ ಮಧ್ಯಾಹ್ನ ಅಪ್ಪನ ಕೈಯಲ್ಲಿ ಅಂಗಡಿಯೊಂದರ ದೊಡ್ಡ ಗಾಜು ಒಡೆಯಿತು. ತಪ್ಪು ಅವನದಲ್ಲ, ಗಾಜಿನೊಳಗೇ ಗುಳ್ಳೆ ಇತ್ತು. ಅವನು ಚೂರುಗಳನ್ನು ಗುಡಿಸಿ, ಅಂಗಿ ಹಾಕಿಕೊಂಡು, ಏನೂ ಹೇಳದೆ ಹೊರಗೆ ಹೋದ. ಅಮ್ಮ ಬಾಗಿಲಲ್ಲಿ ನಿಂತಳು. ಅಜ್ಜಿಯ ತುಟಿ ಆಡುತ್ತಿತ್ತು, ಬೈಗುಳವೋ ಜಪವೋ ತಿಳಿಯಲಿಲ್ಲ. ಐವತ್ತು ನಿಮಿಷದ ಮೇಲೆ ವಾಪಸ್ ಬಂದ. ಬಾಯಿ ವಾಸನೆ ಇರಲಿಲ್ಲ.

"ನಿಂತಿದ್ದೆ," ಅಂದ ಅಮ್ಮನಿಗೆ. "ಬಂದೆ."

ನಾನು ಹಿಂಬಾಗಿಲಿನಿಂದ ಚರ್ಚಿಗೆ ಓಡಿದೆ.

ಪಾಪನಿವೇದನೆಯ ಮರದ ಗೂಡಿನಲ್ಲಿ ಜಾಲರಿಯ ಆಚೆ ಗುರುಗಳು ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎರಡು ವಾರವಾಗಿತ್ತು. ಎಲ್ಲವನ್ನೂ ಹೇಳಿದೆ. ಎಣಿಕೆ, ಮೇಜು, ನಾಲ್ಕು ಹೆಜ್ಜೆ, ಸಮಾಧಾನದ ವಂದನೆ, ಅಪ್ಪ.

"ಅಂದ್ರೆ ಅವತ್ತು ನಾನು ಊರಿಗೆಲ್ಲ ಹಿಟ್ಟು ಹಂಚಿದೆ," ಅಂದರು ಗುರುಗಳು.

"ನಾನೇ ಫಾದರ್. ನಿಮ್ಮದೇನಿಲ್ಲ."

"ಪೀಠದ ಮೇಲೆ ಏನಿದೆ ಅಂತ ನೋಡೋದು ನನ್ನ ಕೆಲಸ ಮಗು, ನಿಂದಲ್ಲ. ಕಣ್ಣು ಕಾಣಲ್ಲ ಅಂತ ಒಪ್ಪಿಕೊಳ್ಳೋಕೆ ನಂಗೆ ನಾಚಿಕೆ. ತಪ್ಪಾಯ್ತು ಅಂತ ಒಪ್ಪಿಕೊಳ್ಳೋಕೆ ನಿಂಗೆ ನಾಚಿಕೆ. ಚೆನ್ನಾಗಿದೆ ನಮ್ಮ ಜೋಡಿ." ಕನ್ನಡಕ ತೆಗೆದು ಒರೆಸಿಕೊಂಡರು. "ಮುಚ್ಚಿಟ್ಟದ್ದು ಪಾಪ. ಅದಕ್ಕೆ ಕ್ಷಮೆ ಇದೆ. ಮರೆತದ್ದು ಪಾಪ ಅಲ್ಲ."

"ಹಿಟ್ಟಿನಿಂದ ಅಪ್ಪ ಹೇಗೆ ಬಿಟ್ಟ ಫಾದರ್?"

"ನಂಗೊತ್ತಿಲ್ಲ."

ಗುರುಗಳ ಬಾಯಲ್ಲಿ ಆ ಮಾತು ಕೇಳುತ್ತೇನೆ ಎಂದು ನಾನು ಎಣಿಸಿರಲಿಲ್ಲ.

"ಇಂತಾ ಕಡೆ ಬಾ, ಅಲ್ಲಿ ಸಿಗ್ತೀನಿ ಅಂತ ದೇವರು ನಮಗೆ ಮಾತು ಕೊಟ್ಟಿದಾನೆ," ಅಂದರು. "ಆ ಮಾತು ತಪ್ಪಲ್ಲ. ಆದರೆ ಬೇರೆ ಕಡೆ ಹೋಗಲ್ಲ ಅಂತ ಯಾರಿಗೂ ಮಾತು ಕೊಟ್ಟಿಲ್ಲ."

"ಅಪ್ಪನಿಗೆ ಹೇಳಬೇಕಾ?"

"ಅದನ್ನ ನಿನ್ನ ಪ್ರಾಯಶ್ಚಿತ್ತದಲ್ಲಿ ಸೇರಿಸಲ್ಲ. ಹೇಳು ಅಂತನೂ ಹೇಳಲ್ಲ, ಬೇಡ ಅಂತನೂ ಹೇಳಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಷ್ಟು ಹೇಳಿ ನನಗೆ ಐದು ಜಪ ಕೊಟ್ಟರು. ಗೂಡಿನಿಂದ ಹೊರಬರುವಾಗ ಮತ್ತೆ ಕರೆದು, "ನಾಳೆಯಿಂದ ಪಾತ್ರೆ ತಂದಿಟ್ಟು ನನ್ನ ಮೊಣಕೈ ಮುಟ್ಟು. ಕಣ್ಣು ಬಂದಿದ್ರೂ ಮುಟ್ಟು," ಅಂದರು.

ಮರುದಿನ ಮುಟ್ಟಿದೆ. ಪ್ರಸಾದವನ್ನೂ ತೆಗೆದುಕೊಂಡೆ.

ಸೋಮವಾರ ಶಾಲೆಯಿಂದ ಬಂದಾಗ ಅಪ್ಪ ಮೇಜಿನ ಮುಂದೆ ನಿಂತಿದ್ದ. ಕಂಬಳಿಯ ಮೇಲೆ ಹೊಸ ಗಾಜು. ಅಳತೆ ಬರೆದ ಚೀಟಿ ನೋಡಿದೆ. ಅದು ನಮ್ಮ ಅಡುಗೆಮನೆ ಕಿಟಕಿಯದು. ಅವನು ಪಟ್ಟಿ ಇಟ್ಟು, ಕಟರ್ ಅದ್ದಿ, ಉಸಿರು ಹಿಡಿದ. ಸರ್ರನೆ ಗೆರೆ ಅಂಚಿನಿಂದ ಅಂಚಿಗೆ ಹೋಯಿತು. ಕೈ ಒಂದಿಷ್ಟೂ ಅಲುಗಲಿಲ್ಲ. ಕಟರ್ ಕೆಳಗಿಟ್ಟು, ಗಾಜನ್ನೇ ನೋಡುತ್ತಾ ಕೇಳಿದ:

"ನಿನ್ನೆ ತಗೊಂಡೆ, ನೋಡಿದೆ. ಅದಕ್ಕೆ ಮುಂಚೆ ಐದು ವಾರ ಯಾಕೆ ತಗೊಳ್ಲಿಲ್ಲ? ಸಕ್ಕರೆ ಕತೆ ಬೇಡ."

ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ನಾಲಿಗೆಯ ಮೇಲೆ ಬಂದೂ ಇತ್ತು. ಆದರೆ ಶನಿವಾರ ಅವನು ಅಮ್ಮನಿಗೆ "ನಿಂತಿದ್ದೆ, ಬಂದೆ" ಅಂದದ್ದು ಕಿವಿಯಲ್ಲಿತ್ತು. ಅವನು ಬಚ್ಚಿಡದೆ ಹೇಳಿದ್ದ.

ಹೇಳಿದೆ. ಗೋಡೆಗೆ ಒರಗಿ, ಮುಂಗೈ ಮೇಲಿನ ಹೊಲಿಗೆಯ ಗುರುತನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡು ಹೇಳಿದೆ.

ಅಪ್ಪ ಕೂಗಲಿಲ್ಲ. ಕಿಟಕಿಯ ಅಳತೆ ತೆಗೆದುಕೊಳ್ಳುವವನ ಹಾಗೆ ಒಂದೊಂದೇ ಕೇಳಿದ.

"ಪಾತ್ರೆ ಎಲ್ಲಿತ್ತು?"

"ಪಕ್ಕದ ಮೇಜಿನ ಮೇಲೆ."

"ಪೀಠದಿಂದ ಎಷ್ಟು ದೂರ?"

"ನಾಲ್ಕು ಹೆಜ್ಜೆ."

"ನಿನ್ನ ಹೆಜ್ಜೆನಾ, ನಂದಾ?"

"ನಂದು."

"ಹೂಂ. ವಾರ ವಾರ ಒಯ್ಯೋನು ಅವತ್ತು ಯಾಕೆ ಮರೆತೆ?"

"ಪಾತ್ರೆ ತಗೊಂಡು ಕೋಣೆಗೆ ವಾಪಸ್ ಹೋಗಿದ್ದೆ. ಇನ್ನೊಂದು ಹಾಕೋಕೆ. ಬರೋದು ತಡ ಆಯ್ತು."

"ಇನ್ನೊಂದು ಯಾರಿಗೆ?"

"ನಿಂಗೆ."

ಅಪ್ಪ ಮೊದಲ ಸಲ ತಲೆ ಎತ್ತಿದ.

"ನಾನು ತಗೊಳ್ತೀನಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ಪಾಪನಿವೇದನೆ ಮಾಡಿದ್ದು ಗೊತ್ತಿತ್ತಾ?"

"ಇಲ್ಲ."

"ಮತ್ತೆ?"

"ನೀನು ಕಂಬದ ಹಿಂದೆ ಇದ್ದೆ. ಲೆಕ್ಕದಲ್ಲಿ ಇರ್ಲಿಲ್ಲ," ಅಂದೆ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಅಪ್ಪ ಸ್ಟೂಲ್ ಎಳೆದು ಕೂತ. ಮೂರು ವರ್ಷದ ಹಿಂದೆ ಕಿಟಕಿ ಒಡೆದದ್ದು ಅದೇ ಸ್ಟೂಲು. ಮೊಳೆಗೆ ತೂಗುಹಾಕಿದ್ದ ಅಂಗಿಯ ಕಡೆ ನೋಡಿದ. ಈಗ ಎದ್ದು ಅಂಗಿ ಹಾಕಿಕೊಳ್ಳುತ್ತಾನೆ, ಹೊರಗೆ ಹೋಗುತ್ತಾನೆ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ನಾಲ್ಕೂವರೆ ಅಡಿಯ ಹುಡುಗ ಅವನನ್ನು ಹೇಗೆ ತಡೆಯಬಹುದಿತ್ತೋ ಗೊತ್ತಿಲ್ಲ.

"ನಾನೂ ತಲೆ ಎಣಿಸಿದವನೇ ಕಣೋ," ಅಂದ ಅಪ್ಪ. "ಆ ಬಾಗಿಲು, ಆ ಒಂದು ಗೇಣು ಸಂದಿ ನಂಗೂ ಗೊತ್ತು. ಅದರಿಂದ ಕೊನೇ ಕಂಬದ ಹಿಂದೆ ಕಾಣಲ್ಲ. ಅದಕ್ಕೇ ಅಲ್ಲಿ ಕೂತಿದ್ದೆ."

ನನಗೆ ಅರ್ಥವಾಗಲಿಲ್ಲ.

"ಪಾಪನಿವೇದನೆ ಮಾಡಿದ್ದೇನೋ ಮಾಡಿದ್ದೆ. ನಂಬಿಕೆ ಇರ್ಲಿಲ್ಲ. ದೇವರ ಹತ್ರ ಪಂಥ ಕಟ್ಟ್ದೆ. ನೋಡು ದೇವರೇ, ಎಣಿಕೆಗೆ ಸಿಗದ ಹಾಗೆ ಕೂತ್ಕೋತೀನಿ. ಎಲ್ಲರ ಹಿಂದೆ, ಕಟ್ಟಕಡೆಗೆ ಹೋಗ್ತೀನಿ. ಪಾತ್ರೆ ಖಾಲಿ ಆಗಿದ್ರೆ, ನಿಂಗಿಲ್ಲ ಅಂತ ನೀನೇ ಹೇಳಿದ ಹಾಗೆ. ಅಲ್ಲಿಂದ ಸೀದಾ ಆ ಅಂಗಡಿಗೆ ಹೋಗ್ತೀನಿ, ಆಮೇಲೆ ನಿನ್ನ ಬಾಗಿಲು ತುಳಿಯಲ್ಲ. ಹಾಗಂತ." ಅವನು ಎರಡೂ ಕೈಗಳನ್ನು ಮಂಡಿಗಳ ನಡುವೆ ಒತ್ತಿಕೊಂಡ. "ಗುರುಗಳ ಬೆರಳು ತಳದಲ್ಲಿ ಹುಡುಕ್ತಾ ಇತ್ತಲ್ಲ, ನೋಡಿದ್ಯಾ? ನಾನು ಮನಸ್ಸಲ್ಲಿ ಆಗಲೇ ಬೀದಿಗೆ ಇಳಿದಾಗಿತ್ತು. ಆಮೇಲೆ ಬೆರಳು ಮೇಲೆ ಬಂತು. ಒಂದೇ ಒಂದು. ಲೆಕ್ಕದಲ್ಲಿ ಇಲ್ಲದವನಿಗೆ ಯಾರು ಇಟ್ರು ಅಂತ ನಾನು ಏಳು ವಾರದಿಂದ ಕೇಳ್ಕೊಳ್ತಾ ಇದೀನಿ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು. ನನ್ನ ಕತ್ತಿನ ಹಿಂದಿನ ಕೂದಲು ಒಂದೊಂದಾಗಿ ಎದ್ದು ನಿಂತಿತು. ಪೀಠವಿಲ್ಲ, ಬಿಳಿ ವಸ್ತ್ರವಿಲ್ಲ. ಕಂಬಳಿ ಹಾಸಿದ ಮೇಜು, ಸೀಮೆಎಣ್ಣೆಯ ವಾಸನೆ.

"ಆದರೆ ಅದು ಹಿಟ್ಟು," ಅಂದೆ.

"ಹೌದು. ಹಿಟ್ಟು." ಅಪ್ಪ ಎದ್ದ. "ಅದಾದ ಮೇಲೆ ಏಳು ಭಾನುವಾರ ನಿಜವಾದದ್ದು ತಗೊಂಡಿದೀನಿ. ಆ ಹಿಟ್ಟು ಇಲ್ಲದಿದ್ರೆ ಇದಕ್ಕೆ ಬರ್ತಾನೇ ಇರ್ಲಿಲ್ಲ." ಬಾಗಿಲಿನ ಕಡೆ ನೋಡಿ, "ಅಲ್ಲಿ ಯಾಕೆ ನಿಂತಿದೀಯ? ಪೋಲೀಸಾ? ಬಾ ಇಲ್ಲಿ. ಗೆರೆ ಎಳೆದು ಇಷ್ಟೊತ್ತು ಬಿಡಬಾರದು," ಅಂದ.

ಗಾಜನ್ನು ಸರಿಸಿ ಗೆರೆಯನ್ನು ಮೇಜಿನ ಅಂಚಿಗೆ ಹೊಂದಿಸಿದ. ನನ್ನ ಎರಡೂ ಕೈಗಳನ್ನು ಹಿಡಿದು ಗಾಜಿನ ಮೇಲೆ ಇಟ್ಟ.

"ನಂಗೆ ಬರಲ್ಲ ಅಪ್ಪ."

"ನಿಂಗೆ ಬರಬೇಕಾಗಿಲ್ಲ. ಗೆರೆ ಬಿದ್ದಾಗಿದೆ. ಅದುಮು."

ಅದುಮಿದೆ. ಟಕ್.

ನಿಜ ಹೇಳಬೇಕು. ಅಪ್ಪ ಮುಂದೆ ಎರಡು ಸಲ ಜಾರಿದ. ಒಮ್ಮೆ ಮೂರು ದಿನ, ಒಮ್ಮೆ ಅಜ್ಜಿ ಸತ್ತಾಗ ಹದಿನೈದು ದಿನ. ಎರಡೂ ಸಲ ಎದ್ದು ಬಂದು ಕಂಬದ ಹಿಂದೆ ಕೂತ. ಗಂಟೆ ತಾತ ನನ್ನ ಮೇಲೆ ವರ್ಷಗಟ್ಟಲೆ ರೇಗಿದ. ಪೂಜೆ ಮುಗಿದ ಮೇಲೆ ಪಾತ್ರೆ ಬಗ್ಗಿಸಿ ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಪಿಸುಗುಟ್ಟುತ್ತಿದ್ದ:

"ಮತ್ತೆ ಒಂದು ಮಿಕ್ಕಿದೆ! ವಾರ ವಾರ ಒಂದು ಜಾಸ್ತಿ! ಎಣಿಸೋಕೆ ಬರಲ್ವೇನೋ ನಿಂಗೆ?"

"ಬರಲ್ಲ ತಾತ," ಅನ್ನುತ್ತಿದ್ದೆ.